ಭಾವುಸಾಹೇಬ ಕೊಟ್ಟ ನೀರು

ದಿಗ್ಗೇವಾಡಿಯಲ್ಲಿ ನಮ್ಮ ಮನೆಯಿಂದ ಮೂರನೆಯದು ಭಾವುಸಾಹೇಬನ ಮನೆ. ಅವನಿಗೆ ಆದದ್ದನ್ನು ಆದ ಹಾಗೇ ಹೇಳುತ್ತೇನೆ. ದೊಡ್ಡ ಮೀಸೆಯ ಆಸಾಮಿ. ಆ ಮೀಸೆಯ ಹಿಂದೆ ಎಂಥ ಗಂಡಸಿದ್ದ ಎಂಬುದು ಮುಂದೆ ತಿಳಿಯುತ್ತದೆ.

ಹೋದ ಮಳೆಗಾಲ. ಕೃಷ್ಣೆ ಏರುತ್ತಿತ್ತು. ಹೊಳೆ ಏರಿದರೆ ದಂಡೆಯ ಮೋಟಾರುಗಳನ್ನು ಅಪರಾತ್ರಿಯಾದರೂ ಮೇಲಕ್ಕೆ ಎಳೆದು ತರಬೇಕು. ಇಲ್ಲವಾದರೆ ಮುಳುಗಿ ಸುಟ್ಟುಹೋಗುತ್ತವೆ. ಆ ರಾತ್ರಿ ಆಳುಗಳು ಎಳೆದರು, ಭಾವುಸಾಹೇಬ ಕೊಡೆ ಹಿಡಿದು ನಿಂತು ಬೈದ. ಆಳುಗಳು ತಮ್ಮ ವಸ್ತಿಯ ಕಡೆ ಹೋದ ಮೇಲೆ, ಹನ್ನೊಂದೂವರೆಗೆ ಒಬ್ಬನೇ ಮನೆಯ ಹಾದಿ ಹಿಡಿದ. ಜಿಟಿಜಿಟಿ ಮಳೆ... ಕಬ್ಬಿನ ತಲೆಗೆ ತಾಗುವಷ್ಟು ಕೆಳಗೆ ಮೋಡ... ಕರೆಂಟಿಲ್ಲ.

ದೆವ್ವ ಇದೆ ಎಂದು ಊರವರು ಅನ್ನುವ, ಹಾದಿ ಬದಿಯ ಆಲದ ಮರದ ಹತ್ತಿರ ಬಂದಾಗ ತಲೆಯ ಮೇಲೆ ‘ಗುಂಯ್...’ ಎಂದಿತು. ಸದ್ದು ತಟ್ಟನೆ ನಿಂತಿತು. ಆಮೇಲೆ ಕಬ್ಬು ಲಟಲಟ ಮುರಿದ ಸದ್ದು. ‘ಧಡ್!’ ಬಳಿಕ, ಕಾದ ತವೆಗೆ ಹನಿ ಬಿದ್ದಂತೆ, ‘ಚುಂಯ್... ಚುಂಯ್...’

ಭಾವುಸಾಹೇಬ ಮರದ ಬೊಡ್ಡೆಗೆ ಅಂಟಿಕೊಂಡ.

ಕಬ್ಬಿನೊಳಗಿಂದ ಒಂದು ದನಿ ಬಂತು. “ಕೋಣಿ ಆಹೇ ಕಾ?” ಯಾರಾದರೂ ಇದ್ದೀರಾ ಎಂದು, ಮರಾಠಿಯಲ್ಲಿ.

ನಮ್ಮ ಕಡೆ ಒಂದು ರೂಢಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ರಾತ್ರಿ ಯಾರಾದರೂ ಕರೆದರೆ ಮೂರನೇ ಸಲ ಕರೆಯುವ ತನಕ ಓ ಎನ್ನಬಾರದು. ದೆವ್ವ ಎರಡೇ ಸಲ ಕರೆಯುತ್ತದೆ. ಮನುಷ್ಯನಾದರೆ ಮೂರನೇ ಸಲವೂ ಕರೆಯುತ್ತಾನೆ.

“ಕೋಣಿ... ಆಹೇ ಕಾ...” ಈ ಸಲ ಹತ್ತಿರದಿಂದ. ತೀರಾ ಸಣ್ಣಗೆ.

ಮೂರನೆಯದು ಬರಲಿಲ್ಲ.

ಮನೆಗೆ ಬಂದವನೇ ಹೆಂಡತಿ ತಾರವ್ವನನ್ನು ಎಬ್ಬಿಸಿ, “ಆಲದ ಮರದ ದೆವ್ವ ಮರಾಠಿಲೆ ಕರೀತು, ಅದಕ್ಕ ಚಳ್ಳೆಹಣ್ಣ ತಿನಿಸಿ ಬಂದೇನ ನೋಡ!” ಎಂದು ಹೊದ್ದು ಮಲಗಿದ.

ಬೆಳಿಗ್ಗೆ ನೋಡಿದರೆ ಕಬ್ಬಿನಲ್ಲಿ ಒಂದು ಸಣ್ಣ ಬಾಡಿಗೆ ವಿಮಾನ ಮೂಗು ಜಜ್ಜಿಕೊಂಡು ಬಿದ್ದಿತ್ತು. ಪೈಲಟ್ ಕುಳಿತಲ್ಲೇ ಸತ್ತಿದ್ದ. ಇನ್ನೊಬ್ಬ, ಪುಣೆಯ ತರುಣ, ಮುರಿದ ಕಾಲು ಎಳೆದುಕೊಂಡು ಆಲದ ಬೇರಿನ ತನಕ ತೆವಳಿ ಬಂದು ಸತ್ತಿದ್ದ. ಕೋಳಿ ಕೂಗುವ ಹೊತ್ತಿನವರೆಗೂ ಜೀವ ಇತ್ತು ಎಂದರು ಡಾಕ್ಟರು.

ಟೀವಿಯವರು ಬಂದರು. ಭಾವುಸಾಹೇಬ ಇಸ್ತ್ರಿ ಅಂಗಿ ತೊಟ್ಟು ಮೈಕಿನ ಮುಂದೆ ನಿಂತ. “ನಾನ ಮೊದಲ ಓಡಿ ಹೋದ್ನಿರಿ. ನನ್ನ ತೊಡಿ ಮ್ಯಾಲ ತಲಿ ಇಟ್ಟಾ... ನನ್ನ ಕೈಲೆ ನೀರ ಕುಡದು ಪ್ರಾಣ ಬಿಟ್ಟಾ...” ಊರವರು ಶಾಲು ಹೊದಿಸಿದರು. ಹೊದ್ದುಕೊಂಡ.

ಒಂಬತ್ತನೇ ದಿನ ಪುಣೆಯಿಂದ ಫೋನು ಬಂತು. ಸತ್ತ ತರುಣನ ತಾಯಿ ನಾಳೆ ಬರುತ್ತಾಳೆ. ಮಗನಿಗೆ ಕಡೆಯ ನೀರು ಕೊಟ್ಟ ಕೈ ನೋಡಬೇಕಂತೆ.

ತಾರವ್ವ ಒಲೆಯ ಮುಂದಿನಿಂದ ತಿರುಗಿ ಗಂಡನ ಮುಖ ನೋಡಿದಳು. “ನಮ್ಮ ಆಲದ ಮರದ ದೆವ್ವ ಮರಾಠಿ ಎಂದ ಕಲತಿತ್ತರಿ?”

ಅವನು ಎದ್ದು ಬಾಗಿಲು ಮುಂದೆ ಮಾಡಿದ.

“ಆಕಿ ಮುಂದ ಖರೇ ಹೇಳ್ರಿ. ನೀವ ಹೇಳಲಿಲ್ಲಂದ್ರ ನಾ ಹೇಳ್ತೀನಿ.”

“ಸಾವಕಾಶ ಮಾತಾಡ ಬೇ... ಮಂದಿ ಕೇಳ್ತಾರ.”

“ಕೇಳಲಿ! ಹೆತ್ತಾಕಿ ಬರಾಕತ್ತಾಳ, ಆಕೀಗೂ ಮೋಸ ಮಾಡಾವರ?”

“ಮೋಸ ಯಾಕ ಆಕೈತಿ? ಹತ್ತ ದಿನದಾಗ ಇಟ್ಟ ನೀರ ಸತ್ತವರಿಗೆ ಮುಟ್ಟತೈತಿ. ಇವತ್ತ ರಾತ್ರಿ ಹೋಗಿ ಇಟ್ಟ ಬರ್ತೀನಿ. ಆಮ್ಯಾಲ ನನ್ನ ಮಾತ ಖರೇನ ಆತಲ್ಲ?”

ಇಂಥ ಬುದ್ಧಿ ಅವನದು. ಸುಳ್ಳನ್ನು ಒಪ್ಪಿಕೊಳ್ಳುವ ಬದಲು ಅದನ್ನು ತೊಳೆದು ಒಣಗಿಸಲು ಹೊರಟ.

ರಾತ್ರಿ ಕಂಠಮಟ್ಟ ನೀರು ತುಂಬಿದ ತಂಬಿಗೆಯನ್ನು ಆಲದ ಬೇರಿನ ಹತ್ತಿರ ಇಟ್ಟ. ನಾಯಿ ಮುಟ್ಟದಿರಲೆಂದು ತಾಟು ಮುಚ್ಚಿ, ಮೇಲೊಂದು ಕಲ್ಲು ಹೇರಿದ.

“ತಗೋರಿ ಸಾಹೇಬ್ರ... ನೀರ...” ಎಂದು ಪಿಸುಗುಟ್ಟಿದ.

ಮರದ ಹಿಂದೆ ಯಾರೋ ಗಂಟಲು ಕೆರೆದುಕೊಂಡರು. ‘ಖರ್ರ್...’

ಭಾವುಸಾಹೇಬ ಚಪ್ಪಲಿ ಅಲ್ಲೇ ಬಿಟ್ಟು ಓಡಿದ.

ಮರುದಿನ ಆ ತಾಯಿ ಬಂದಳು. ಮೊದಲು ಮರದ ಹತ್ತಿರ ಕರೆದೊಯ್ಯಿರಿ ಎಂದಳು. ಊರೆಲ್ಲ ಹಿಂದೆ ನಡೆಯಿತು, ನಾನೂ ಇದ್ದೆ. ಶಾಲು ಹೊದ್ದ ಭಾವುಸಾಹೇಬ, “ಇಲ್ಲೇ ತಾಯಿ, ನನ್ನ ಕೈಯಿಂದಲೇ...” ಎಂದು ಅವಳ ಮರಾಠಿಯಲ್ಲೇ ಶುರುಮಾಡಿದ. ತಾರವ್ವ ಬಾಯಿ ತೆರೆದಳು. ಅಷ್ಟರಲ್ಲಿ ಆ ತಾಯಿ ಬಗ್ಗಿ, ಕಲ್ಲು ಸರಿಸಿ, ತಾಟು ಎತ್ತಿದಳು.

ಆಮೇಲೆ ಯಾರೂ ಏನೂ ಹೇಳಬೇಕಾಗಲಿಲ್ಲ.

ನಂಬದಿದ್ದರೆ ಬಿಡಿ. ಇದೇ ಕಣ್ಣಿನಿಂದ ನೋಡಿದ್ದೇನೆ. ನೀರು ಕಂಠಮಟ್ಟ ಹಾಗೇ ಇತ್ತು. ಅದರ ಮೇಲೆ ಉಗುಳು ತೇಲುತ್ತಿತ್ತು. ನೊರೆ ಇನ್ನೂ ಒಡೆದಿರಲಿಲ್ಲ.