ಅತ್ತಿ ತಿಕ್ಕಿದ ಗಾಜು

...ಫೋಟೋ ಮಸುಕಾದ್ರ ಏನಾತಜ್ಜಿ, ಅಳಿಸಿ ಇನ್ನೊಂದು ಹೊಡದ್ರಾತು ಅಂತೀಯಲ್ಲ ಗೌರಿ, ಆ ಮಾತಿಗೆ ನನಗ ಹೊಟ್ಟ್ಯಾಗ ಉರೀತೈತಿ ನೋಡು. ನಮಗೆಲ್ಲಿತ್ತವಾ ಅಳಿಸೋದು? ಹೊಡದಿದ್ದು ಹೊಡದಂಗ. ಫಿಲಂ ತೊಳದು ನೋಡೋತನಕ ಜೀವ ಬಾಯಾಗ ಇಟ್ಕೊಂಡು ಕುಂದ್ರಬೇಕು. ಬರ್ರಿ, ಎಲ್ಲಾರೂ ಕಟ್ಟಿ ಮ್ಯಾಲ ಕುಂದ್ರಿ, ಆ ಮೊಬೈಲು ಬಗಲಿಗಿಡ್ರಿ. ನಾ ಒಬ್ಬಾಕಿನ ಕ್ಯಾಮೆರಾ ಹೊತ್ಕೊಂಡು ಹೋದ ಮೊದಲ್ನೇ ಕೆಲಸ ಅದು, ಕಂಪ್ಲಿಗೆ. ಯಾಕ ಒಬ್ಬಾಕಿ ಅಂದ್ರ, ನಿಮ್ಮ ತಾತ ಇಲ್ಲೇ ಚಿತ್ತವಾಡ್ಗ್ಯಾಗ ಸ್ಟುಡಿಯೋ ಇಟ್ಟಿದ್ರಲ್ಲ, ಆವಾಗ ಅವರು ಸೈಕಲ್ ಮ್ಯಾಲಿಂದ ಬಿದ್ದು ಕಾಲು ಮುರಕೊಂಡು ಮಲಗಿದ್ರು. ಹಂದಿ ಅಡ್ಡ ಬಂತು ಅಂತಿದ್ರು. ಹಂದಿನ ಕೇಳಿದ್ರ ಏನಂತಿತ್ತೋ, ಇರ್ಲಿ. ಕಂಪ್ಲಿ ಅಕ್ಕಿ ಮಿಲ್ ಸಾಹುಕಾರ್ರ ಮನ್ಯಾಗ ಸೊಸಿದು ಕುಬಸ ಇತ್ತು. ಬಸುರಿಗೆ ಹಸರು ಸೀರಿ, ಹಸರು ಬಳಿ ತೊಡಿಸಿ ಮಾಡೋ ಕಾರ್ಯ. ನಡುಮನ್ಯಾಗ ಬರೇ ಹೆಣಮಕ್ಕಳ ಇರ್ತಾರ, ಹೆಣಮಗಳ ಬಂದು ಫೋಟೋ ತಗೀಲಿ ಅಂತ ಅವರ ಹೇಳಿ ಕಳಿಸಿದ್ರು. ನಿಮ್ಮ ತಾತ ಮಲಗಿದಲ್ಲಿಂದನ, "ಹೋಗು, ಹೆದರಬ್ಯಾಡ, ನಾ ಕಲಿಸೀನಲ್ಲ" ಅಂದ್ರು. ಹೆದರಬ್ಯಾಡ ಅಂದ್ರ ಹೆದರಿಕಿ ಹೋಗತೈತೇನು? ಬಸ್ಸಿನ್ಯಾಗ ಕ್ಯಾಮೆರಾ ತೊಡಿ ಮ್ಯಾಲಿಟ್ಕೊಂಡು ಎರಡೂ ಕೈಲೆ ಅವುಚಿಕೊಂಡು ಕುಂತಿದ್ದೆ.

ಆ ಕ್ಯಾಮೆರಾ ನಿಮ್ಮ ಮೊಬೈಲಿನಂಗ ಅಲ್ಲ. ಎದಿ ಹತ್ರ ಹಿಡಕೊಂಡು, ಮ್ಯಾಲಿನ ಮುಚ್ಚಳ ತಗದು, ಬಾವ್ಯಾಗ ಬಗ್ಗಿ ನೋಡಿದಂಗ ನೋಡಬೇಕು. ಲೆನ್ಸಿನ್ಯಾಗಿಂದ ಬೆಳಕು ಒಳಗ ಬರ್ತೈತಿ, ಅಲ್ಲೊಂದು ಕನ್ನಡಿ ಓರಿ ಆಗಿ ಕುಂತಿರ್ತೈತಿ, ಅದಕ್ಕ ಬಡದು ಮ್ಯಾಲಕ್ಕ ಹೋಗಿ ಒಂದು ಗಾಜಿನ ಮ್ಯಾಲ ಬೀಳತೈತಿ. ಆ ಗಾಜು ಒಂದು ಮಗ್ಗಲು ನುಣುಪು, ಒಂದು ಮಗ್ಗಲು ಒರಟು, ಬಚ್ಚಲಮನಿ ಕಿಟಕಿ ಗಾಜು ಇರ್ತೈತಲ್ಲ ಹಂಗ. ಚಿತ್ರ ಮೂಡೋದು ಆ ಒರಟು ಮಗ್ಗಲಿಗೆ. ನಿಮ್ಮ ತಾತ ಹೇಳೋರು, "ನೋಡು, ಲೆನ್ಸಿನಿಂದ ಕನ್ನಡಿಗೆ, ಕನ್ನಡಿಯಿಂದ ಆ ಒರಟು ಮಗ್ಗಲಿಗೆ ಎಷ್ಟು ದೂರನೋ, ಲೆನ್ಸಿನಿಂದ ಹಿಂದಿನ ಫಿಲಮ್ಮಿಗೂ ಅಷ್ಟ ದೂರ. ಅದಕ್ಕ ಗಾಜಿನ ಮ್ಯಾಲ ಚೊಕ್ಕ ಕಂಡ್ರ ಫಿಲಮ್ಮಿನ್ಯಾಗೂ ಚೊಕ್ಕ." ಗುಂಡಿ ಒತ್ತಿದ್ರ ಕನ್ನಡಿ ಟಪ್ ಅಂತ ಮ್ಯಾಲೇಳತೈತಿ, ಬೆಳಕು ಸೀದಾ ಫಿಲಮ್ಮಿಗೆ ಹೋಗತೈತಿ. ಅಂದ್ರ ಏನಾತು? ನೀ ನೋಡೋದು ಗಾಜು, ಬರೋದು ಫಿಲಮ್ಮಿನ್ಯಾಗ. ಪೂರ್ತಿ ಗಾಜಿನ ಮ್ಯಾಲ ನಂಬಿಕಿ ಇಟ್ಟು ಬದುಕೋದು, ತಿಳೀತಾ?

ಕಂಪ್ಲಿಗೆ ಹೋದೆ. ಕುಬಸದ ಹುಡುಗಿ ಹೆಸರು ಶಾರದಾ. ನನ್ನ ಕಂಡಕೂಡ್ಲೆ ಕೈ ಹಿಡದು ಅಡಿಗಿಮನಿ ಮೂಲಿಗೆ ಕರಕೊಂಡು ಹೋದ್ಲು. "ಅಕ್ಕಾರ, ಬ್ಯಾರೆ ಯಾವುದು ಕೆಟ್ರೂ ಕೆಡ್ಲಿ, ನಮ್ಮವ್ವನ್ನ ನನ್ನ ಕೂಡ ಕುಂದ್ರಿಸಿ ಒಂದು ಹೊಡೀರಿ. ಆಕಿದು ಒಂದೂ ಫೋಟೋ ಇಲ್ರೀ. ಗಂಟಲಾಗ ಗಡ್ಡಿ ಆಗೇತಿ. ಇಲ್ಲಿಂದ ಸೀದಾ ಹುಬ್ಬಳ್ಳಿ ದವಾಖಾನಿಗೆ ಕರಕೊಂಡು ಹೋಗ್ತಾರ, ಆಪರೇಷನ್ನಂತ" ಅಂದ್ಲು. ಅವರವ್ವ ಪಾರ್ವತವ್ವ, ಸಂಡೂರಾಕಿ. ಫೋಟೋ ತಗಿಸ್ಕೊಂಡ್ರ ಆಯುಷ್ಯ ಕಮ್ಮಿ ಆಗತೈತಿ ಅಂತ ಜೀವಮಾನ ಪೂರ್ತಿ ಓಡಿ ಹೋದಾಕಿ. ಆವತ್ತು ಮಗಳು ಕಾಲು ಹಿಡಕೊಂಡ ಮ್ಯಾಲ "ಒಂದ ಸಲ ನೋಡು" ಅಂತ ಕುಂತ್ಲು. ಒಳಗ ಬೆಳಕು ಕಮ್ಮಿ, ಲೆನ್ಸು ಪೂರ್ತಿ ತೆರೆದಿದ್ದೆ. ಹಂಗ ತೆರೆದಾಗ ಕೂದಲೆಳಿಯಷ್ಟು ಹೆಚ್ಚುಕಮ್ಮಿ ಆದ್ರೂ ಕೆಟ್ಟಂಗ. ಗಾಜಿನ್ಯಾಗ ನೋಡ್ತೀನಿ, ಇಬ್ಬರ ಮುಖಾನೂ ಫಳಫಳ ಅಂತ ಚೊಕ್ಕ. ಹೊಡದೆ. ನನ್ನಷ್ಟಕ್ಕ ನಾನ ಭೇಷ್ ಅಂದ್ಕೊಂಡೆ. ಪಾರ್ವತವ್ವ ದಣದು ಒಳಗ ಹೋಗಿ ಅಡ್ಡಾದ್ಲು.

ಊಟ ಆತು. ಸಾಹುಕಾರ್ರು ಬಂದು, "ಏನವಾ, ನಮ್ಮ ಮಿಲ್ಲಿಂದೂ ಒಂದು ಹೊಡಿ, ಚಿಮಣಿ ಪೂರ್ತಿ ಬರ್ಬೇಕು" ಅಂದ್ರು. ಹೊರಗ ಕಾಲುವಿ ದಂಡಿತನಕ ಹೋಗಿ ನಿಂತೆ, ದೂರದಿಂದ. ಗಾಜಿನ್ಯಾಗ ಚಿಮಣಿ ಮಸುಕು. ಲೆನ್ಸು ತಿರುವಿದೆ. ಭಾಳ ದೂರಿನ ಸಾಮಾನಿಗೆ ಎಲ್ಲಿಗೆ ನಿಂದ್ರಬೇಕೋ ಅಲ್ಲಿಗೆ ಬಂದು ಟಕ್ ಅಂತ ನಿಂತುಬಿಡ್ತು, ಮುಂದಕ್ಕ ಹೋಗಾಕ ಜಾಗ ಇಲ್ಲ. ಚಿಮಣಿ ಮಸುಕ ಐತಿ! ಅಯ್ಯ ಶಿವನ! ಚಿಮಣಿ ಎಲ್ಲಿಗೂ ಓಡಿ ಹೋಗಿಲ್ಲ, ಲೆನ್ಸು ಸರಿ ಐತಿ, ಅಂದ್ರ ಸುಳ್ಳು ಹೇಳಾಕತ್ತಿದ್ದು ಗಾಜು. ಮುಚ್ಚಳ ಬಿಚ್ಚಿ ಉಗುರಿಲೆ ಮುಟ್ಟಿ ನೋಡಿದೆ. ಒರಟು ಮಗ್ಗಲು ಕೆಳಗ ಕನ್ನಡಿ ಕಡೆ ಇರ್ಬೇಕು, ಅದು ಮ್ಯಾಲ ಬಂದೈತಿ! ಅಂಚಿನ್ಯಾಗ ಏನದು ಬೆಳ್ಳಗ? ವಿಭೂತಿ! ತಿಳೀತು. ಆಗಷ್ಟ ಆಯುಧ ಪೂಜೆ ಮುಗಿದಿತ್ತು. ನಮ್ಮತ್ತಿ, ಪಾಪ, ಮಗನ ಕಾಲು ಬ್ಯಾರೆ ಮುರದೈತಿ, ಅನ್ನ ಹಾಕೋ ಸಾಮಾನು ಅಂತ ಭಕ್ತಿಲೆ ಆ ಗಾಜು ತಗದು, ಕಂದೀಲಿನ ಗಾಜು ತಿಕ್ಕಿದಂಗ ವಿಭೂತಿ ಹಾಕಿ ತಿಕ್ಕಿ, ತಿರುವಿ ಇಟ್ಟಿದ್ಲು. ಗಾಜಿನ ದಪ್ಪ ಎಷ್ಟಿದ್ದೀತು, ಕೊಬ್ಬರಿ ಹೋಳಿನ ಸಿಪ್ಪಿಯಷ್ಟು. ಲೆನ್ಸಿಗೂ ಆ ಒರಟು ಮಗ್ಗಲಿಗೂ ಅಷ್ಟ ದೂರ ಹೆಚ್ಚಾಗಿತ್ತು, ನೋಡ್ರಿ, ಅಷ್ಟ ಸಾಕು. ಆಕಿನ್ನ ಬಯ್ಯಾಕೂ ಬರಂಗಿಲ್ಲ, ಬಿಡಾಕೂ ಬರಂಗಿಲ್ಲ. ಸೆರಗಿಲೆ ಒರಸಿ, ತಿರುವಿ ಕುಂದ್ರಿಸಿದೆ. ಚಿಮಣಿ ಚೊಕ್ಕ ಬಂತು. ಬಂದಕೂಡ್ಲೆ ಅಳು ಬಂತು ನನಗ, ಯಾಕಂದ್ರ ಒಳಗ ಹೊಡದಿದ್ದೆಲ್ಲಾ ಹೋತು ಅಂತ ಖಾತ್ರಿ ಆತಲ್ಲ.

ಅಷ್ಟ್ರಾಗ ಕಾರಿನ ಹಾರನ್ ಕೇಳ್ತು. ಎದ್ದು ಬಿದ್ದು ಓಡಿದೆ, ಚಪ್ಪಲಿ ಒಂದು ಕಾಲುವಿ ದಂಡ್ಯಾಗ ಉಳೀತು. ಪಾರ್ವತವ್ವ ಆಗ್ಲೇ ಕಾರಿನ್ಯಾಗ ಕುಂತಿದ್ಲು. ಸುಮ್ನಿದ್ರ ಯಾರಿಗೆ ತಿಳೀತಿತ್ತು? ಮನಸು ಅಂತಿತ್ತು, ಸುಮ್ನಿರು, ಆಮ್ಯಾಲ ಫಿಲಂ ಕೆಡ್ತು ಅಂದ್ರಾತು. ಶಾರದಾನ ಮುಖ ನೋಡಿದೆ, ಆಗ್ಲಿಲ್ಲ. "ನಿಂದ್ರಿಸ್ರಿ! ಆ ಫೋಟೋ ಬಂದಿಲ್ಲ, ಇನ್ನೊಂದು ಹೊಡೀಬೇಕು, ಅವ್ವಾರನ್ನ ಇಳಸ್ರಿ" ಅಂದೆ. ಸಾಹುಕಾರ್ರು ಕೆಂಡ ಆದ್ರು. "ಏ, ತಲಿಗಿಲಿ ಸರಿ ಐತಾ? ಆರತಿ ಮಾಡಿ ಕಳಿಸೀವಿ, ಹೊಂಟೋರನ್ನ ಹಿಂದಕ್ಕ ಕರೀತಾರಾ? ಅದೂ ದವಾಖಾನಿಗೆ ಹೊಂಟೋರನ್ನ?" ನೆರೆದ ಹೆಂಗಸರೆಲ್ಲಾ "ಅಪಶಕುನ, ಅಪಶಕುನ" ಅಂದ್ರು. ನೆಲ ಬಾಯಿ ಬಿಡಬಾರ್ದಾ ಅನ್ನಿಸ್ತು. ಡ್ರೈವರ್ ಗಾಡಿ ಚಾಲೂ ಮಾಡಿದ. ಆಗ ಒಳಗಿಂದ ಪಾರ್ವತವ್ವನ ದನಿ, ಗೊಗ್ಗರು ದನಿ: "ನಾ ಇಳಿಯಂಗಿಲ್ಲ, ಖರೇ. ಹಿಂದಕ್ಕ ಬರಂಗಿಲ್ಲ. ನನ್ನ ಮಗಳು ಒಳಗ ಬಂದು ಕುಂದ್ರೋದಕ್ಕ ಯಾವ ಶಾಸ್ತ್ರ ಅಡ್ಡ ಬರ್ತೈತಿ? ಬಾ ಶಾರೀ!" ಶಾರದಾ ಹೊಟ್ಟಿ ಹಿಡಕೊಂಡು ಹತ್ತಿ ಅವ್ವನ ಭುಜಕ್ಕ ತಲಿ ಕೊಟ್ಲು. ಕಿಟಕ್ಯಾಗಿಂದ ನೋಡ್ತೀನಿ, ಗಾಡಿ ಚಾಲೂ ಇತ್ತಲ್ಲ, ಗಾಜಿನ್ಯಾಗ ಇಬ್ರೂ ಅಳ್ಳಾಡಾಕತ್ತಾರ. ಉಸಿರು ಹಿಡದೆ, ಪಾರ್ವತವ್ವನ ಕಣ್ಣಿನ ರೆಪ್ಪಿ ಚೊಕ್ಕ ಮಾಡ್ಕೊಂಡೆ. ಆಕಿ "ಜಲ್ದಿ ಹೊಡಿಯವಾ, ಹೊತ್ತಾಗ್ತೈತಿ" ಅಂತ ಬೈಯೋದಕ್ಕೂ ನಾ ಒತ್ತೋದಕ್ಕೂ ಸರಿಹೋತು.

ಫಿಲಂ ತೊಳಿಯೋವಾಗ ನಿಮ್ಮ ತಾತನೂ ಕುಂಟಗೋತ ಬಂದು ಕತ್ತಲಿಕೋಣ್ಯಾಗ ನನ್ನ ಮಗ್ಗಲ ನಿಂತಿದ್ರು. ನಡುಮನ್ಯಾಗಿನ ಫೋಟೋದಾಗ ಹಿಂದಿನ ಗ್ವಾಡಿ ಕ್ಯಾಲೆಂಡರಿನ ತಾರೀಖು ಒಂದೊಂದೂ ಓದಬಹುದು, ಮುಂದ ಕುಂತ ಪಾರ್ವತವ್ವನ ಮುಖ ಬರೇ ಹೊಗಿ. ಕಾರಿನ್ಯಾಗ ಹೊಡದಿದ್ದು ಮಾತ್ರ ಚೊಕ್ಕ ಬಂದಿತ್ತು. ಪಾರ್ವತವ್ವ ಹುಬ್ಬಳ್ಳಿಯಿಂದ ವಾಪಸ್ ಬರ್ಲಿಲ್ಲ ಮಕ್ಕಳ, ರೋಗ ಮೀರಿ ಹೋಗಿತ್ತಂತ. ಶಾರದಾ ಬಾಣಂತನ ಮುಗಿಸ್ಕೊಂಡು ಕೂಸು ಎತ್ಕೊಂಡು ಸ್ಟುಡಿಯೋಕ್ಕ ಬಂದ್ಲು. ಫೋಟೋ ಕೈಯಾಗ ಕೊಟ್ಟೆ. ಅಳಕೋತ ನಕ್ಕು, "ನೋಡ್ರಿ ಅಕ್ಕಾರ, ನಮ್ಮವ್ವ ನಿಮ್ಮನ್ನ ಬೈಯಾಕತ್ಯಾಳ" ಅಂತ ಹೇಳಿ, ಕೂಸಿನ ಮುಖದ ಮುಂದ ಹಿಡದು, "ನೋಡ ಚಿನ್ನಾ, ಅಜ್ಜಿ, ನಿಮ್ಮಜ್ಜಿ" ಅಂದ್ಲು. ಅದಕ್ಕ ಹೇಳೋದು, ಕೆಲಸ ಕೆಟ್ಟೈತಿ ಅಂತ ತಿಳದಕೂಡ್ಲೆ ಬಾಯಿ ಬಿಟ್ಟು ಹೇಳ್ರಿ, ನಾಲ್ಕು ಮಂದಿ ಬೈದ್ರ ಬೈಸ್ಕೊಳ್ರಿ, ಬೈಗುಳ ಮೈಗೆ ಹತ್ತಂಗಿಲ್ಲ, ಹೋದ ಮನಷ್ಯಾರು ಹೊಳ್ಳಿ ಬಂದು ಕುಂದ್ರಂಗಿಲ್ಲ. ಏಳ್ರಿ ಇನ್ನ, ರೊಟ್ಟಿ ಆರತಾವು.