ನನ್ನ ಮಗಳಿಗೆ ದಂಡ ಹಾಕಿದವಳು

ಮಠದ ಹಿರಿಯರಿಗೆ ಶರಣು. ಕೂಡಿದ ದೈವಕ್ಕೆ, ಈ ಸಭೆಗೆ, ಶರಣು. ಸುಂದರವ್ವನ ತಮ್ಮ ನಿಜಗುಣಪ್ಪನವರೇ, ಅವರ ಮನೆಯವರೇ, ನನ್ನ ಅಕ್ಕತಂಗಿಯರೇ — ಹಿಂದೆ ನಿಂತವರು ತುಸು ಮುಂದೆ ಬನ್ನಿ, ನನ್ನ ದನಿ ದೊಡ್ಡದಲ್ಲ.

ನಾನು ಬಾಯವ್ವ. ಈ ಮಠದ ದಾಸೋಹದಲ್ಲಿ ಸುಂದರವ್ವ ರೊಟ್ಟಿ ಬಡಿದಳು, ನಾನು ಪಲ್ಯ ಮಾಡಿದೆ. ಒಂದೇ ಒಲೆಯ ಹೊಗೆ ಕುಡಿದವರು ನಾವು. ಅದಕ್ಕೇ ತೀರಿಕೊಂಡ ಆಕೆಯ ಬಗ್ಗೆ ನಾಲ್ಕು ಮಾತಾಡು ಎಂದು ಹಿರಿಯರು ಹೇಳಿದ್ದಾರೆ. ನಾನು ಕಲಿತದ್ದು ಊರ ಶಾಲೆಯಲ್ಲಿ. ಚಂದದ ಮಾತು ಬರುವುದಿಲ್ಲ — ಸುಳ್ಳೂ ಬರುವುದಿಲ್ಲ.

ಎಷ್ಟು ಜನ! ದೊಡವಾಡದಿಂದ ಬಂಡಿ ಕಟ್ಟಿಕೊಂಡು ಬಂದಿದ್ದೀರಿ. ರೊಟ್ಟಿ ಬಡಿಯುವ ಒಬ್ಬ ಹೆಣ್ಣುಮಗಳಿಗಾಗಿ. ಈ ಹಂದರ ತುಂಬುವುದನ್ನು ನೋಡುತ್ತ ನನಗೆ ಏನನ್ನಿಸಿತು, ಹೇಳಲೇ? ಪಲ್ಯದವಳು ಸತ್ತರೆ ಇದರಲ್ಲಿ ಅರ್ಧ ಜನವೂ ಬರುವುದಿಲ್ಲ.

ನಗಿರಿ, ನಗಿರಿ. ಆಕೆಯ ಸಭೆಯಲ್ಲಿ ನಗದೆ ಇನ್ನೆಲ್ಲಿ ನಗುತ್ತೀರಿ?

ಬೆಳಗ್ಗೆ ನಿಜಗುಣಪ್ಪನವರು ನನ್ನ ಹತ್ತಿರ ಬಂದಿದ್ದರು. "ಬಾಯಕ್ಕಾ, ನಮ್ಮಕ್ಕಗ ಮಕ್ಕಳಿಲ್ಲ. ಇವತ್ತ ರಾಚವ್ವ ನಮ್ಮ ಮನಿಯವರ ಸಾಲಿನ್ಯಾಗ ನಿಂದರಲಿ, ಮಗಳಾಗಿ ನಿಂದರಲಿ" ಎಂದರು. ರಾಚವ್ವ — ಅಲ್ಲಿ ಕಂಬಕ್ಕೆ ಒರಗಿ ಅಳುತ್ತಿದ್ದಾಳಲ್ಲ — ನನ್ನ ಮಗಳು. ನಾನು ಹೆತ್ತ ಮಗಳು. ನಿಜಗುಣಪ್ಪನವರಿಗೆ ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಸೆರಗು ಕೊಡವಿ ಒಳಗೆ ಹೋದೆ. ಉತ್ತರ ಇನ್ನೂ ಬಾಕಿ ಇದೆ.

ಪ್ಲೇಗಿನ ವರ್ಷ ನಿಮಗೆಲ್ಲ ನೆನಪಿದೆ. ಇಲಿ ಸತ್ತು ಬಿದ್ದವು, ಊರು ಬಿಟ್ಟೆವು, ಎರೆಹೊಲದಲ್ಲಿ ಗುಡಿಸಲು ಹಾಕಿದೆವು. ಮಠದ ದಾಸೋಹವೂ ಹೊಲಕ್ಕೇ ಬಂತು — ಮೂರು ಕಲ್ಲಿನ ಒಲೆ, ತಲೆಯ ಮೇಲೆ ಬರೀ ಆಕಾಶ. ಹೊತ್ತು ಹುಟ್ಟಿದರೆ ಯಾವುದೋ ಗುಡಿಸಲಿನಿಂದ ಅಳು. ಹೊತ್ತು ಮುಳುಗಿದರೆ ಇನ್ನೊಂದು ಗುಡಿಸಲಿನಿಂದ.

ನನ್ನ ಅಳಿಯ ಅಲ್ಲಿಯೇ ಹೋದ. ರಾಚವ್ವನ ಮಡಿಲಲ್ಲಿ ಹಸುಗೂಸು. ಆಕೆ ಮಾತು ಬಿಟ್ಟಳು. ಊಟ ಬಿಟ್ಟಳು. ಎದೆಯ ಹಾಲು ಬತ್ತಿತು. ಕೂಸು ಅತ್ತು ಅತ್ತು — ಕಡೆಗೆ ಅಳುವುದನ್ನೂ ಬಿಟ್ಟಿತು.

ನಾನು ಏನು ಮಾಡಲಿಲ್ಲ ಹೇಳಿ? ಲಿಂಗಪೂಜೆ ಮಾಡಿ ಹಣೆಗೆ ವಿಭೂತಿ ಹಚ್ಚಿದೆ. ಪಾದೋದಕ ತುಟಿಗೆ ಹಿಡಿದೆ. ನಾನೂ ಉಪವಾಸ ಕೂತೆ. ತುತ್ತು ಮಾಡಿ ಹೀಗೆ ಬಾಯಿಗೆ ಒಯ್ದರೆ ಹಲ್ಲು ಕಚ್ಚಿ ಮುಖ ತಿರುವುತ್ತಿದ್ದಳು. ಹೆತ್ತ ತಾಯಿಯ ಕೈ, ನೋಡಿ!

ಸುಂದರವ್ವನೂ ಸುಖದಲ್ಲಿರಲಿಲ್ಲ. ಅದರ ಹಿಂದಿನ ವರ್ಷದ ಬೇನೆಗೇ ಆಕೆಯ ಯಜಮಾನರು ಸಂಗಪ್ಪನವರು ಹೋಗಿದ್ದರು. ಅಂಥವಳು ಆ ಹೊಲದಲ್ಲಿ, ಸಂಜೆಯ ರೊಟ್ಟಿಯ ಹೊತ್ತಿಗೆ, ಒಡಪು ಹೇಳಲು ಶುರು ಮಾಡಿದಳು! ಗಂಡನ ಹೆಸರನ್ನು ಬರಿದೇ ನಾಲಗೆಯ ಮೇಲೆ ತರಬಾರದೆಂದು ಪದದಲ್ಲಿ ಸುತ್ತಿ ಹೇಳುತ್ತೇವಲ್ಲ, ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ — ಅದೇ ಒಡಪು.

"ಹಂಚಿನ ಮ್ಯಾಲ ರೊಟ್ಟಿ ಉಬ್ಬತೈತಿ ಬುರುಬುರು, ಸಂಗಪ್ಪನವರು ಮಲಗಿದ್ರ ಗೊರಕಿ ಗುರುಗುರು!"

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

"ಸುಂದರವ್ವಾ, ಇದೇನ ಮದಿವಿ ಹಂದರ ಅಂತ ತಿಳದಿಯೇನ?" ಎಂದೆ.

"ಹಂದರ ಇಲ್ಲಂದ್ರ ನನಗ ಗಂಡನ ಇರಲಿಲ್ಲ ಅಂದಂಗಾತೇನ ಯಕ್ಕಾ?" ಎಂದಳು. ಎಂದವಳೇ ಬಿಸಿ ರೊಟ್ಟಿ ಹಿಡಿದುಕೊಂಡು ಹೋಗಿ ರಾಚವ್ವನ ಮುಂದೆ ಕೂತಳು.

"ನಿನ್ನ ಗಂಡನ ಹೆಸರ ಹೇಳವ್ವಾ."

ಮೊನ್ನೆ ಮೊನ್ನೆ ಗಂಡನನ್ನು ಕಳೆದುಕೊಂಡವಳಿಗೆ ಯಾರಾದರೂ ಒಡಪು ಕೇಳುತ್ತಾರೆಯೇ? ರಾಚವ್ವ ತಲೆ ಎತ್ತಲಿಲ್ಲ.

"ಮರತಿಯೇನ? ಲಗಮಪ್ಪ ಇದ್ದನೇನ?" — ಮುಖ ತಿರುವಿದಳು. "ಹಂಗಾರ ಶಟ್ಟೆಪ್ಪ ಇರಬೇಕ. ಹೂಂ, ಶಟ್ಟೆಪ್ಪನ. ಅಂವ ಕುಂಟತಿದ್ದ ಅಲ್ಲಾ?"

"ಸೋಮಪ್ಪ!" — ನನ್ನ ಮಗಳು ಚೀರಿದಳು. "ಸೋಮಪ್ಪ ಅವರ ಹೆಸರು! ಕುಂಟತಿರಲಿಲ್ಲ!"

ಒಡಪಿಲ್ಲ, ಏನಿಲ್ಲ. ಬರೀ ಹೆಸರು. ಎಲ್ಲರ ಮುಂದೆ! ನಾನು ಬಾಯಿಯ ಮೇಲೆ ಕೈ ಇಟ್ಟುಕೊಂಡೆ.

ಸುಂದರವ್ವನೂ ಇಟ್ಟುಕೊಂಡಳು — ಹೀಗೆ, ಕಣ್ಣು ಇಷ್ಟಗಲ ಮಾಡಿ. "ಅಯ್ಯ ಶಿವನ! ಬರೇ ಹೆಸರ ಹೇಳಿದ್ಯಲ್ಲಬೇ! ದಂಡ ಕೊಡಬೇಕ ನೋಡ. ಈ ರೊಟ್ಟಿ ತಿನ್ನೂದ ನಿನಗ ದಂಡ!"

ರಾಚವ್ವ ಆಕೆಯನ್ನೇ ನೋಡಿದಳು. ನಕ್ಕಳೋ ಅತ್ತಳೋ, ಹೆತ್ತ ನನಗೂ ತಿಳಿಯಲಿಲ್ಲ. ಆದರೆ ರೊಟ್ಟಿ ಮುರಿದಳು. ತಿಂದಳು. ಅಂದಿನಿಂದ ದಿನಾ ಸಂಜೆ ಆ ಒಲೆಯ ಸುತ್ತ ಒಡಪು. ಗಂಡ ಇದ್ದವರು ಬಂದರು, ಇಲ್ಲದವರು ಬಂದರು. ಬೇನೆ ಇನ್ನೂ ಹೋಗಿರಲಿಲ್ಲ, ಅಳುವೂ ನಿಂತಿರಲಿಲ್ಲ. ಆದರೆ ಸಂಜೆ ಆಗುವುದನ್ನು ಜನ ಕಾಯತೊಡಗಿದರು. ಆ ಕೂಸು, ನನ್ನ ಮೊಮ್ಮಗಳು, ಈಗ ಶಾಲೆಗೆ ಹೋಗುತ್ತಾಳೆ.

ನನಗೆ ಸಂತೋಷವಾಯಿತು. ಯಾಕೆ ಆಗಬಾರದು? ಆದರೆ ಅವತ್ತು ಲಿಂಗ ಅಂಗೈಯಲ್ಲಿಟ್ಟುಕೊಂಡು ಕೇಳಿದ್ದು ಇದನ್ನೇ — ಶಿವನೇ, ಆ ತುತ್ತನ್ನು ನನ್ನ ಕೈಯಿಂದ ತಿನ್ನಿಸಬಾರದಿತ್ತೇ?

ಆಮೇಲೆ ಆದದ್ದು ನೀವೇ ಕಂಡಿದ್ದೀರಿ. ರಾಚವ್ವನಿಗೆ ಸುಂದರವ್ವ "ಚಿಗವ್ವ" ಆದಳು, ಚಿಕ್ಕತಾಯಿ ಆದಳು. ಕೂಸಿಗೆ ಹಲ್ಲು ಬಂದ ಸುದ್ದಿ ಮೊದಲು ಚಿಗವ್ವನಿಗೆ. ಕನಸು ಬಿದ್ದರೆ ಚಿಗವ್ವನಿಗೆ. ನನಗೆ? "ಊಟ ಆತೇನ ಯವ್ವಾ?" — ಅಷ್ಟೇ. ರೊಟ್ಟಿಯ ಒಲೆಯ ಕಡೆಯಿಂದ ಅವರಿಬ್ಬರ ನಗು ಬಂದಾಗೆಲ್ಲ ನನ್ನ ಪಲ್ಯಕ್ಕೆ ಉಪ್ಪು ಹೆಚ್ಚಾಗುತ್ತಿತ್ತು. ಉಂಡವರು ನೀವೇ, ನಿಮಗೆ ಗೊತ್ತು.

ಒಮ್ಮೆ ತಡೆಯಲಾರದೆ ಕೇಳಿಯೇ ಬಿಟ್ಟೆ. "ಸುಂದರವ್ವಾ, ಶಿವ ಈ ನಗಸೂ ಗುಣಾ ನಿನಗ ಕೊಟ್ಟ, ನನಗ್ಯಾಕ ಕೊಡಲಿಲ್ಲ?"

ಆಕೆ ಹಿಟ್ಟು ನಾದುತ್ತಿದ್ದಳು. ಕೈ ನಿಂತಿತು. "ನಿನಗ ಮಗಳನ್ನ ಕೊಟ್ಟಾನಲ್ಲ ಯಕ್ಕಾ. ಎರಡೂ ನಿನಗ ಬೇಕಂದ್ರ ಹೆಂಗ?"

ಅಷ್ಟು ವರ್ಷದಲ್ಲಿ ಆಕೆ ನಗದೆ ಆಡಿದ ಮಾತು ಅದೊಂದೇ. ನನ್ನದು ಆಕೆಗೆ ಬೇಕಾಗಿತ್ತು, ಆಕೆಯದು ನನಗೆ. ಒಂದೇ ಒಲೆಯ ಮುಂದೆ ಕೂತು ಒಬ್ಬರ ತಾಟಿನೊಳಗೆ ಇನ್ನೊಬ್ಬರು ಹಣಕಿ ನೋಡುತ್ತಿದ್ದೆವು.

ದೈವವೇ, ನನ್ನ ಹೊಟ್ಟೆಕಿಚ್ಚು ಹೋಗಿದೆ ಎಂದರೆ ಅದು ಸುಳ್ಳು. ಮಗಳು ಅಲ್ಲಿ ಅಳುವುದನ್ನು ನೋಡಿದರೆ ಈಗಲೂ — ನನಗಾಗಿ ಇಷ್ಟು ಅತ್ತಾಳೇ ಎಂದು ಲೆಕ್ಕ ಹಾಕುತ್ತೇನೆ. ಆದರೆ ಸುಂದರವ್ವ ಅಂದು ಆ ದಂಡ ಹಾಕದಿದ್ದರೆ, ಹೊಟ್ಟೆಕಿಚ್ಚು ಪಡಲಿಕ್ಕೆ ನನಗೆ ಮಗಳೇ ಇರುತ್ತಿರಲಿಲ್ಲ.

ಎಲ್ಲರೂ ಏಳಿರಿ. ಮುದುಕರಿಗೆ ಕೈ ಕೊಟ್ಟು ಎಬ್ಬಿಸಿರಿ. ಶಿವನ ಪಾದ ಸೇರಿದ ಸುಂದರವ್ವನನ್ನು ನೆನೆದು ತುಸು ಹೊತ್ತು ಮೌನವಾಗಿ ನಿಲ್ಲೋಣ.

ರಾಚವ್ವಾ — ನನ್ನ ಕಡೆ ಬರಬ್ಯಾಡ. ಅತ್ತ ಹೋಗವ್ವಾ, ನಿಜಗುಣಪ್ಪನವರ ಸಾಲಿಗೆ. ನಿಮ್ಮ ಚಿಗವ್ವನ ಮಗಳಾಗಿ ನಿಂದರು. ಹೋಗು. ಈ ಮೌನ ಮುಗಿಯೂತನಕ ಆಕಿಗಿ ಕೊಟ್ಟೇನಿ ನಿನ್ನ. ಮುಗದ ಕೂಡ್ಲೆ ಈ ಕಡೆ ಬಾ.