ಟೈರಿಗೆ ಕೊಟ್ಟ ಕಲ್ಲು

...ಅಲ್ಲ ಗುರುವಯ್ಯ, ಟೀ ಆಮೇಲೆ ಸೋಸು. ಆ ಟೆಸ್ಟಿನಲ್ಲಿ ಏನಾಯ್ತು, ಹೇಳು ನೋಡೋಣ! ಊಹೆ ಮಾಡು ಮಾರಾಯ. ಊಹೂಂ... ಆಗಲ್ಲ, ನಿನ್ನಿಂದ ಆಗಲ್ಲ!

ಯಾವ ಟೆಸ್ಟಾ? ದೇವರಮನೆ ಗುಡ್ಡಕ್ಕೆ ಪ್ರವಾಸಿಗಳನ್ನ ಹತ್ತಿಸೋ ಜೀಪಿನವರಿಗೆಲ್ಲ ಈ ಸೀಸನ್ನಿಂದ ಹೊಸ ಲೈಸೆನ್ಸು ಅಂತ ಮಾಡಿದಾರಲ್ಲ, ಅದೇ. ಎದೆ ಮೇಲೆ ಬಿಲ್ಲೆ ಇಲ್ದಿದ್ರೆ ಗೇಟು ತೆಗೆಯಲ್ಲ. ಎಸ್ಟೇಟ್ ಜೀಪು ಓಡಿಸಿ ಓಡಿಸಿ ತಲೆ ನರೆತ ಈ ಶೇಷಪ್ಪನಿಗೂ ತೆಗೆಯಲ್ಲ! ಹಿಂಗೇ ಹೋದ್ರೆ ನನ್ನ ಜೀಪು ಗುಜರಿಗೇ... ಟೆಸ್ಟಿಗೆ ನಾನಾ? ಛೆ ಛೆ, ನಾನು ಹೋಗ್ಲೇ ಇಲ್ಲ. ಯಾರೋ ಹೇಳಿದ್ದು ಕೇಳಿದ್ದು.

ಅಲ್ನೋಡು, ಬಂದ್ಲು ಪವಿತ್ರಾ! ಬಿಲ್ಲೆ ಹೆಂಗೆ ಹೊಳೀತಿದೆ ನೋಡು, ಹುಣಸೆಹಣ್ಣು ಹಾಕಿ ಉಜ್ಜಿರ್ಬೇಕು. ಕ್ಲಚ್ ಯಾವುದು, ಬ್ರೇಕ್ ಯಾವುದು ಅಂತ ಗೊತ್ತಿರ್ಲಿಲ್ಲ ಅವಳಿಗೆ. ಕಲಿಸಿದ್ದು ಯಾರು? ನಾನು! ಇದೇ ಜೀಪಲ್ಲಿ! ಈಗ ಪ್ರವಾಸಿಗಳು "ಅಕ್ಕಾ, ಅಕ್ಕಾ" ಅಂತ ಅವಳ ಹಿಂದೆ, ಅವಳ ಜೊತೆಗೇ ಫೋಟೋ. ನಾನಿಲ್ಲಿ ನಿನ್ನ ಬೆಂಚು ಸವೆಸ್ತಾ... ಏನಂದೆ? ಹೊಟ್ಟೆಉರಿನಾ? ನಂಗಾ?

ಕೇಳಿಲ್ಲಿ. ಚಿಕ್ಕಮಗಳೂರಲ್ಲಿ ಟೆಸ್ಟು. ಟಾರು ಹಾಕಿದ ಬಯಲು, ಅಂಗೈ ಹಂಗೆ ಸಮ. ಕಳಸದ ಕಡೆಯವನೊಬ್ಬ, ಹೆಸರು ಗೊತ್ತಿಲ್ಲ... ಎಂಟು ಹಾಕಿದ, ರಿವರ್ಸ್ ಹೋದ, ಎಲ್ಲ ಚಂದ. ಪಕ್ಕದ ಸೀಟಲ್ಲಿ ಇನ್‌ಸ್ಪೆಕ್ಟರ್ರು. "ನಿಲ್ಸಿ" ಅಂದ್ರು. ನಿಲ್ಸಿದ. ನಿಲ್ಸಿ, ಎಂಜಿನ್ ಓಡ್ತಿರೋ ಹಂಗೇ ಕೆಳಗೆ ಹಾರಿ, ಸೀಟಿನ ಹಿಂದಿಂದ ಕಲ್ಲು ತೆಗೆದು ಹಿಂದಿನ ಟೈರಿಗೆ ಕೊಟ್ಟು, ಕೈ ಕೊಡವ್ಕೊಂಡು ನಿಂತ! ಗೋಲಿ ಬಿಟ್ರೂ ಉರುಳದ ಜಾಗದಲ್ಲಿ! ಇನ್‌ಸ್ಪೆಕ್ಟರ್ರು ಒಳಗೆ ಒಬ್ರೇ! "ಟೆಸ್ಟ್ ಮಧ್ಯೆ ಗಾಡಿ ಬಿಟ್ಟು ಇಳಿದ್ರಿ, ಫೇಲ್" ಅಂದ್ರು.

ನಗು, ನಗು... ಸಾಕು ಮಾರಾಯ, ಅಷ್ಟು ನಗೋದೇನಿದೆ? ಗುಡ್ಡದಲ್ಲಿ ಹಳೇ ಜೀಪಿನ ಹ್ಯಾಂಡ್‌ಬ್ರೇಕ್ ನಂಬ್ಕೊಂಡ್ರೆ ಸೀದಾ ಕಮರಿಗೇ. ಕಲ್ಲು ಕೊಡೋದು ಕೈ ತಾನಾಗೇ ಮಾಡೋ ಕೆಲ್ಸ. ಪವಿತ್ರಾಗೂ ಮೊದಲು ಕಲಿಸಿದ್ದು ಅದನ್ನೇ. ಅವಳ ಸರದಿ ಬಂದಾಗ ಹ್ಯಾಂಡ್‌ಬ್ರೇಕ್ ಎಳೆದು ಸುಮ್ನೆ ಕೂತ್ಳು, ಕಳ್ಳಿ! ಕಲಿಸಿದ್ದನ್ನ ಮರೆತು ಪಾಸಾದ್ಲು! ಆ ಕಲ್ಲೇನು ಸಾಮಾನ್ಯದ್ದಾ? ಮೂಲೆ ಒಡೆದ ಕರಿಕಲ್ಲು, ಟೈರಿಗೆ ಹೇಳಿ ಮಾಡಿಸಿದ ಹಂಗೆ...

ಯಾಕೆ, ನಗು ನಿಲ್ಸಿದೆ? ಎಲ್ಲಿ ನೋಡ್ತಿದೀಯ? ನನ್ನ ಜೀಪಿನ ಟೈರಿನ ಹತ್ರ ಏನಿದೆ? ಅದು... ಅದು ಬೇರೆ ಕಲ್ಲು. ಕರಿಕಲ್ಲಿಗೇನು ಬರವಾ ನಮ್ಮೂರಲ್ಲಿ?

ಪವಿತ್ರಾ ಹೇಳಿದ್ಲಾ? ಹೇಳಿರ್ತಾಳೆ, ಗೊತ್ತಿತ್ತು ನಂಗೆ! ...ಇಲ್ವಾ? ತಲೆ ಆಡಿಸ್ಬೇಡ, ಬಾಯಿ ಬಿಡು. ನನ್ನ ಹಿಂದೇನೇ ನಿಂತಿದ್ಲಲ್ಲ, ಎಲ್ಲಾ ನೋಡಿದ್ಲಲ್ಲ... ಯಾರ ಹತ್ರಾನೂ? ಒಂದು ಮಾತೂ? ಬಿಲ್ಲೆ ಅವಳಿಗೆ, ದೊಡ್ಡ ಮನಸ್ಸೂ ಅವಳಿಗೇನಾ ದೇವ್ರೇ!

ಹಂಗೆ ನೋಡ್ಬೇಡ ಗುರುವಯ್ಯ. ಹೂಂ. ಬಿಳಿ ಅಂಗಿ ಹಾಕ್ಕೊಂಡು, ಮಲ್ಲಂದೂರಲ್ಲಿ ಮದುವೆ ಅಂತ ನಿಂಗೆ ಹೇಳಿ ಹೋದ್ನಲ್ಲ, ಆವತ್ತೇ. ಮಂಗಳವಾರ ಯಾರು ಮದುವೆ ಇಟ್ಕೊಳ್ತಾರೆ ಅಂತ ನೀನಾದ್ರೂ ಕೇಳ್ಬಾರ್ದಿತ್ತಾ? ಆವತ್ತೇ ಮಾರಾಯ... ನವೆಂಬರ್ ಹನ್ನೊಂದು, ಮಂಗಳವಾರ.